ಪ್ರಯಾಣಿಕರಿಲ್ಲದ ದೋಣಿ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ನಗರದ ನಟ್ಟನಡುವೆ ಹರಿಯುವ ಏವನ್ ನದಿಯಲ್ಲಿ ಪ್ರವಾಸಿಗರನ್ನು ಕೂರಿಸಿಕೊಂಡು ಸಾಗುವ ಚಪ್ಪಟೆ ತಳದ ದೋಣಿಗಳಿವೆ. ಅವಕ್ಕೆ ಪಂಟ್ ಎನ್ನುತ್ತಾರೆ. ಹುಲ್ಲಿನ ಟೋಪಿ ಧರಿಸಿದ ಯುವಕನೊಬ್ಬ ಹಿಂಬದಿಯಲ್ಲಿ ನಿಂತು, ಉದ್ದನೆಯ ಗಳವನ್ನು ನದಿಯ ತಳಕ್ಕೆ ಊರಿ ದೋಣಿಯನ್ನು ನೂಕುತ್ತಾನೆ. ಒಳಗೆ ದಿಂಬಿಗೊರಗಿ ಕುಳಿತವರು ಮೊಣಕಾಲಿನ ಮೇಲೆ ಕಂಬಳಿ ಹೊದ್ದುಕೊಂಡು, ವಿಲ್ಲೋ ಮರಗಳ ನೆರಳಿನಲ್ಲಿ ಫೋಟೋ ತೆಗೆದುಕೊಳ್ಳುತ್ತಾರೆ. ಮಗಳ ಮನೆಗೆ ಬಂದ ಮೊದಲ ವಾರವೇ ನಾನೂ ಹಾಗೆ ಕುಳಿತು ಬಂದಿದ್ದೆ. ಚೆನ್ನಾಗಿಯೇ ಇತ್ತು. ಆದ್ದರಿಂದ ಫೆಬ್ರವರಿಯ ಕೊನೆಯ ವಾರದಲ್ಲಿ, ಅದೇ ನದಿಯಲ್ಲಿ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ದೋಣಿ ವಾಕಾದಲ್ಲಿ ಹೋಗಿ ಬರಲೆಂದು ಮಗಳು ಟಿಕೆಟ್ ತೆಗೆಸಿದಾಗ, ಒಂದೇ ನೀರನ್ನು ಎರಡು ಸಲ ನೋಡುವುದಕ್ಕೆ ದುಡ್ಡು ದಂಡ ಎಂದು ಗೊಣಗಿದೆ. “ಇದು ನೋಡೋದಕ್ಕೆ ಹೋಗೋದಲ್ಲಮ್ಮ, ನೀನೇ ಹುಟ್ಟು ಹಾಕಬೇಕು” ಎಂದಳು. ಅರವತ್ತನಾಲ್ಕು ದಾಟಿದ, ಮಂಡಿನೋವಿಗೆ ಎಣ್ಣೆ ತಿಕ್ಕಿಕೊಂಡು ಮಲಗುವ ಹೆಂಗಸಿಗೆ ಹೇಳುವ ಮಾತೇ ಅದು ಎಂದುಕೊಂಡೆ.

ಮಂಡಿಯಷ್ಟೇ ನನ್ನ ಅಳುಕಿಗೆ ಕಾರಣವಾಗಿರಲಿಲ್ಲ. ನಮ್ಮ ಕರಾವಳಿಯ ಒಂದು ರೆಸಾರ್ಟಿನಲ್ಲಿ ಊಟದ ಹೊತ್ತಿಗೆ ಯಕ್ಷಗಾನದ ವೇಷ ಕಟ್ಟಿಸಿ, ಭಾಗವತಿಕೆಯನ್ನು ಹತ್ತು ನಿಮಿಷಕ್ಕೆ ಕತ್ತರಿಸಿ, ಕೊನೆಗೆ ಅತಿಥಿಗಳ ತಲೆಗೂ ಒಂದೊಂದು ಕಿರೀಟವಿಟ್ಟು ಫೋಟೋ ತೆಗೆಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವೇಷಧಾರಿಯ ಮುಖದ ಬಣ್ಣದ ಹಿಂದಿದ್ದ ದಣಿವು ನನಗೆ ಇನ್ನೂ ಮರೆತಿಲ್ಲ. ಇಲ್ಲಿಯೂ ಅಂಥದ್ದೇ ಒಂದು ಗಂಟೆಯ ಪ್ರದರ್ಶನವಿದ್ದೀತು, ನಾನೂ ಅದರ ಗಿರಾಕಿಯಾಗುವೆನಲ್ಲ ಎಂಬ ಹಿಂಜರಿಕೆ ಹೊತ್ತುಕೊಂಡೇ ನದಿಯ ದಡಕ್ಕೆ ಹೋದೆ.

ನಾವು ಹತ್ತು ಜನರಿದ್ದೆವು. ಮಾರ್ಗದರ್ಶಕ ಮೂವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮಾವೋರಿ ಯುವಕ. ನೀರಿನ ಹತ್ತಿರವೂ ಹೋಗಗೊಡದೆ ಮೊದಲು ಹುಲ್ಲಿನ ಮೇಲೆ ವೃತ್ತಾಕಾರವಾಗಿ ನಿಲ್ಲಿಸಿದ. ತನ್ನ ಹೆಸರು ಹೇಳುವುದಕ್ಕೆ ಮುಂಚೆ ತನ್ನ ಬೆಟ್ಟ, ತನ್ನ ನದಿ, ತನ್ನ ಪೂರ್ವಿಕರ ವಾಕಾ, ತನ್ನ ಕುಲ ಇವುಗಳನ್ನು ಹೇಳಿದ. ಬೆಟ್ಟ ಆವೊರಾಕಿ, ವಾಕಾ ತಾಕಿತಿಮು, ಕುಲ ಙಾಯ್ ತಾಹು. ಈ ಬಗೆಯ ಪರಿಚಯಕ್ಕೆ ಪೆಪೆಹಾ ಎಂದು ಹೆಸರು. ಗೋತ್ರ, ಸೂತ್ರ, ಪ್ರವರಗಳನ್ನು ಹೇಳಿ ಕೊನೆಗೆ ತನ್ನ ಹೆಸರು ಹೇಳಿ ಕಾಲಿಗೆರಗುವ ಕ್ರಮ ಕೆಲವು ಮನೆಗಳಲ್ಲಿ ಈಗಲೂ ಉಂಟಲ್ಲ, ಅದನ್ನು ಕೇಳಿ ಬೆಳೆದ ನನಗೆ ಈ ವರಸೆ ಹೊಸದೆನಿಸಲಿಲ್ಲ. ಆದರೆ ನಮ್ಮ ಪ್ರವರದಲ್ಲಿ ಋಷಿಗಳಿದ್ದಾರೆಯೇ ಹೊರತು ಬೆಟ್ಟವೂ ಇಲ್ಲ, ನದಿಯೂ ಇಲ್ಲ. ಹೆಂಗಸರ ಬಾಯಿಗಂತೂ ಅದು ಬರುವುದೇ ಇಲ್ಲ.

ಇಲ್ಲೊಂದು ಅಕ್ಷರದ ಮಾತು ಹೇಳದೆ ಮುಂದೆ ಹೋಗಲಾರೆ. ಕ ಖ ಗ ಘ ಎಂದು ತಿದ್ದಿಸುವಾಗ ಸಾಲಿನ ಕೊನೆಗೆ ಕೂರುವ ಙಕಾರಕ್ಕೆ ಉದಾಹರಣೆ ಕೊಡಲು ನಮ್ಮ ಕನ್ನಡ ಮೇಷ್ಟ್ರಿಗೆ ಎಂದೂ ಆಗಿರಲಿಲ್ಲ. ‘ಇದರಿಂದ ಶುರುವಾಗುವ ಪದವಿಲ್ಲ, ಆದರೂ ಬರೆಯಿರಿ’ ಎನ್ನುತ್ತಿದ್ದರು. ಭೂಗೋಳದ ತಳದ ಈ ದ್ವೀಪದಲ್ಲಿ ಒಂದು ಕುಲದ ಹೆಸರೇ ಆ ಅಕ್ಷರದಿಂದ ಶುರುವಾಗುತ್ತದೆ. ಅದರಲ್ಲಿಯೂ ಒಂದು ಸ್ವಾರಸ್ಯವಿದೆ: ದಕ್ಷಿಣದವರ ಆಡುಮಾತಿನಲ್ಲಿ ಙಕಾರ ಕಕಾರವಾಗಿ, ಙಾಯ್ ತಾಹು ಎಂಬುದು ಕಾಯ್ ತಾಹು ಎಂದೂ ಆಗುತ್ತದೆ. ಹಳಗನ್ನಡದ ಪಾಲು ಹಾಲಾದ ಹಾಗೆ. ಆದರೆ ಇದರಿಂದ ಎರಡು ಭಾಷೆಗಳಿಗೆ ನಂಟು ಕಟ್ಟಲು ಹೊರಡುವ ವಾಟ್ಸಾಪ್ ಪಂಡಿತರ ಸಾಲಿಗೆ ನನ್ನನ್ನು ಸೇರಿಸಬೇಡಿ.

ಯುವಕ ಆವೊರಾಕಿಯ ಕಥೆಯನ್ನು ಹೇಳಿದ್ದು ಅಲ್ಲಿಯೇ, ದಡದ ಮೇಲೆ. ಆಕಾಶದೇವತೆ ರಾಕಿಯ ಮಗನಾದ ಆವೊರಾಕಿ ತನ್ನ ಸೋದರರೊಡನೆ ವಾಕಾ ಏರಿ ಭೂಮಿಯನ್ನು ನೋಡಲು ಇಳಿದು ಬಂದನಂತೆ. ಮರಳಿ ಮೇಲೇರಬೇಕಾದಾಗ ಹೇಳಬೇಕಿದ್ದ ಮಂತ್ರ ಫಲಿಸಲಿಲ್ಲ. ವಾಕಾ ಸಿಕ್ಕಿಹಾಕಿಕೊಂಡು, ಒಂದು ಬದಿ ಮೇಲೆದ್ದು, ಕಲ್ಲಾಗಿ ನಿಂತಿತು. ಎತ್ತರದ ಬದಿಗೆ ಹತ್ತಿದ ಸೋದರರು ಹಿಮದ ಬೆಟ್ಟಗಳಾದರು. ಅವರಲ್ಲಿ ಎಲ್ಲರಿಗಿಂತ ಎತ್ತರದವನೇ ಆವೊರಾಕಿ, ಇಂದಿಗೂ 3,724 ಮೀಟರ್ ಎತ್ತರದಲ್ಲಿ ನಿಂತಿರುವ ಈ ದೇಶದ ಅತ್ಯುನ್ನತ ಶಿಖರ. ನ್ಯೂಜಿಲೆಂಡಿನ ದಕ್ಷಿಣ ದ್ವೀಪವೆಲ್ಲ ಹಾಗೆ ಕಲ್ಲಾದ ಆ ದೋಣಿಯೇ, ಅದಕ್ಕೇ ಅದಕ್ಕೆ ತೆ ವಾಕಾ ಒ ಆವೊರಾಕಿ ಎಂದು ಹೆಸರು. “ಮಂತ್ರ ತಪ್ಪಿದರೆ ಏನಾಗುತ್ತದೆಂದು ನಮಗೆ ಗೊತ್ತು, ಆದ್ದರಿಂದ ಮೊದಲು ಅದನ್ನು ಸರಿಯಾಗಿ ಹೇಳಿಬಿಡೋಣ” ಎಂದು ನಕ್ಕು, ಕಣ್ಣು ಮುಚ್ಚಿ, ನೀರಿನ ಕಡೆ ಮುಖ ಮಾಡಿ ಕರಾಕಿಯಾ ಹೇಳಿದ. ಅವನು ನಕ್ಕದ್ದು ನಮಗಾಗಿ. ಹೇಳಿದ್ದು ನಮಗಾಗಿ ಅಲ್ಲ ಎಂಬುದು ದನಿಯಲ್ಲಿ ತಿಳಿಯುತ್ತಿತ್ತು. ನನ್ನ ಹಿಂಜರಿಕೆಯ ಅರ್ಧಭಾಗ ಅಲ್ಲಿಗೆ ಕಳಚಿತು.

ಅವನ ನಿಯಮಗಳು ಹೆಚ್ಚೇನೂ ಇರಲಿಲ್ಲ. ವಾಕಾದೊಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, ಏಕೆಂದರೆ ಅದು ತಪು, ಎಂದರೆ ಪವಿತ್ರವೆಂದು ಕಟ್ಟುಪಾಡಿಗೊಳಗಾದದ್ದು. ತಿನಿಸು ತಪುವನ್ನು ಕೆಡಿಸುತ್ತದೆ. ಹುಟ್ಟನ್ನು ದಾಟಿ ಹೋಗಬಾರದು. ಜೊತೆಗಿದ್ದ ಒಬ್ಬ ಪ್ರವಾಸಿ ಇದನ್ನು ಬರೆದುಕೊಂಡ, ನಾನು ಬರೆದುಕೊಳ್ಳಬೇಕಾಗಿರಲಿಲ್ಲ. ಮಡಿ ಬಟ್ಟೆಯನ್ನು ಕೋಲಿನಿಂದ ಎತ್ತಿಡುತ್ತಿದ್ದ ಅಜ್ಜಿಯ ಮನೆಯಲ್ಲಿ, ಪೊರಕೆಯನ್ನಾಗಲಿ ಒನಕೆಯನ್ನಾಗಲಿ ದಾಟಿದರೆ ಬೈಸಿಕೊಂಡು ಬೆಳೆದವಳು ನಾನು. ತಪುವಿನಲ್ಲಿ ಮಡಿಗಿಂತ ಹೆಚ್ಚಿನ ಅರ್ಥಗಳಿವೆ, ಒಂದು ಇನ್ನೊಂದಲ್ಲ. ಆದರೆ ವಸ್ತುವಿಗೂ ಒಂದು ಮರ್ಯಾದೆಯಿದೆ ಎಂಬುದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಆ ವಾಕಾ ಮರದ್ದಲ್ಲ, ಫೈಬರ್‌ಗ್ಲಾಸಿನದು. ಅವನೇ ಮೊದಲು ಹೇಳಿಬಿಟ್ಟ. ಹಿಂದೆ ದಕ್ಷಿಣದಲ್ಲಿ ತೊತಾರಾ ಎಂಬ ಮರದ ಇಡೀ ಕಾಂಡವನ್ನು ಕೊರೆದು ವಾಕಾ ಮಾಡುತ್ತಿದ್ದರು. ಒಳನಾಡಿನ ನದಿಗಳಲ್ಲಿ ಇಳಿಯುವುದಕ್ಕೆ ಜೊಂಡುಹುಲ್ಲನ್ನು ಕಂತೆ ಕಂತೆಯಾಗಿ ಬಿಗಿದು ಮೋಕಿಹಿ ಎಂಬ ತೆಪ್ಪ ಕಟ್ಟುತ್ತಿದ್ದರು. ಮುಂಭಾಗದ ಕೆತ್ತನೆಯ ಮೂತಿಗೆ ತೌಇಹು ಎಂದೂ, ಹಿಂಬದಿಯ ನೆಟ್ಟನೆಯ ಫಲಕಕ್ಕೆ ತೌರಾಪಾ ಎಂದೂ ಹೆಸರು. ಹುಟ್ಟಿಗೆ ಹೊಯೆ ಎನ್ನುತ್ತಾರೆ. ನಮ್ಮ ಭಾಷೆಯಲ್ಲಿ ದೋಣಿ ನಡೆಸುವ ಕೋಲಿಗೂ ಜನ್ಮಕ್ಕೂ ಒಂದೇ ಪದವಿದೆ ಎಂದು ನಾನು ಹೇಳಿದಾಗ ಅವನು ಕೈಯಲ್ಲಿದ್ದ ಹೊಯೆಯನ್ನು ಒಮ್ಮೆ ತಿರುಗಿಸಿ ನೋಡಿ, “ಅದು ಸರಿಯಾಗಿಯೇ ಇದೆ” ಎಂದ.

ಹತ್ತುವುದೇ ಒಂದು ಸಾಹಸವಾಯಿತು. ಮಂಡಿ ಮಡಿಸಲಾರದೆ ಒಂದು ಕಾಲು ದಡದಲ್ಲಿ, ಇನ್ನೊಂದು ವಾಕಾದಲ್ಲಿಟ್ಟು ನಿಂತವಳನ್ನು ಇಬ್ಬರು ಹಿಡಿದು ಕೂರಿಸಿದರು. ಆಮೇಲೆ ತಿಳಿದದ್ದೇನೆಂದರೆ, ಹುಟ್ಟು ಹಾಕುವ ಕೆಲಸ ತೋಳಿನದಲ್ಲ. ಮೇಲಿನ ಕೈ ಹಿಡಿಯ ತುದಿಯಲ್ಲಿ, ಕೆಳಗಿನ ಕೈ ಅಲಗಿನ ಬುಡದ ಹತ್ತಿರ. ಅಲಗು ನೀರಿಗೆ ನೆಟ್ಟಗೆ ಇಳಿಯಬೇಕು, ಸೊಂಟದಿಂದ ಮೈ ತಿರುಗಬೇಕು, ಎಳೆತ ತೊಡೆಯ ಹತ್ತಿರ ಬಂದಾಗ ನಿಲ್ಲಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೀರನ್ನಾಗಲಿ ನಿಮ್ಮ ಕೈಯನ್ನಾಗಲಿ ನೋಡಬಾರದು. ಮುಂದೆ ಕುಳಿತವರ ಬೆನ್ನನ್ನು ನೋಡಬೇಕು. ಆ ಬೆನ್ನು ಬಾಗಿದಾಗ ಬಾಗಿ, ಎದ್ದಾಗ ಎದ್ದರೆ ಹತ್ತು ಹುಟ್ಟುಗಳು ತಾವಾಗಿಯೇ ಒಂದಾಗುತ್ತವೆ. ತಾಳ ಹಾಕಿ ಎಲ್ಲರನ್ನೂ ನಡೆಸುವವನಿಗೆ ಕೈಹೌತೂ ಎಂಬ ಹೆಸರಿದೆ. ಅವನು ‘ಕಿಯಾ ರಿತೆ’ ಎಂದರೆ ಸಿದ್ಧರಾಗಿ, ‘ಹೊಯೆಯಾ’ ಎಂದರೆ ಹುಟ್ಟು ಹಾಕಿ.

ಮೊದಲ ಹತ್ತು ನಿಮಿಷ ನನ್ನ ಹುಟ್ಟು ಮುಂದಿನ ಜರ್ಮನ್ ಹುಡುಗಿಯ ಹುಟ್ಟಿಗೆ ತಾಗುತ್ತಲೇ ಇತ್ತು. ಅವಳ ಬೆನ್ನಿಗೆ ನೀರು ಎರಚಿ ಎರಚಿ ಅಂಗಿಯನ್ನು ತೋಯಿಸಿದೆ. ಕ್ಷಮೆ ಕೇಳಲು ತಲೆಯೆತ್ತಿದಾಗ ತಾಳ ತಪ್ಪಿ ಮತ್ತೆ ತಾಗಿಸಿದೆ. ಆಮೇಲೆ ಯಾವಾಗಲೋ, ಕ್ಷಮೆ ಕೇಳುವುದನ್ನು ನಾನು ಬಿಟ್ಟಾಗ, ತಾಳ ಕೂಡಿತು. ಹತ್ತು ಅಲಗುಗಳು ಒಟ್ಟಿಗೆ ನೀರನ್ನು ಕಚ್ಚುವ ಆ ಸದ್ದು ಬಂದೊಡನೆ ವಾಕಾ ತಳದಿಂದ ಯಾರೋ ತಳ್ಳಿದ ಹಾಗೆ ಮುಂದಕ್ಕೆ ಚಿಮ್ಮಿತು. ಆ ಹೊತ್ತಿಗೆ ಪಂಟೊಂದು ಎದುರಿಗೆ ಬಂತು. ದಿಂಬಿಗೊರಗಿದ್ದ ದಂಪತಿಗಳು ನಮ್ಮ ಕಡೆ ಕೈಬೀಸಿದರು. ಉತ್ತರವಾಗಿ ಕೈಯೆತ್ತಲು ನಮಗೆ ಬಿಡುವಿರಲಿಲ್ಲ. ಒಂದೇ ನೀರು, ಒಂದೇ ಬೆಲೆಯ ಟಿಕೆಟ್ಟು ಎನ್ನಬಹುದಾದರೂ, ಅವರು ಪ್ರಯಾಣಿಕರು. ವಾಕಾದಲ್ಲಿ ಪ್ರಯಾಣಿಕರೆಂಬ ಜಾತಿಯೇ ಇಲ್ಲ.

ನದಿಯ ಹೆಸರಿನ ವಿಚಾರ ಬಂದದ್ದು ಹುಟ್ಟುಗಳನ್ನು ಮಡಿಲಲ್ಲಿಟ್ಟು ತೇಲುತ್ತಿದ್ದಾಗ. ಏವನ್ ಎಂಬುದು ಷೇಕ್ಸ್‌ಪಿಯರನ ಊರಿನ ನದಿಯಿಂದ ಬಂದದ್ದೆಂದು ನಾನು ಇಷ್ಟು ದಿನ ತಿಳಿದಿದ್ದೆ. ಬಹಳ ಜನ ಹಾಗೆಯೇ ತಿಳಿದಿದ್ದಾರೆ. ಆದರೆ ಯುರೋಪಿನಿಂದ ಬಂದು ಇಲ್ಲಿ ಮೊದಲಿಗರಾಗಿ ನೆಲೆಯೂರಿದ ಡೀನ್ಸ್ ಸಹೋದರರು 1848ರಲ್ಲಿ ತಮ್ಮ ಅಜ್ಜನ ಹೊಲದ ಹತ್ತಿರ ಹುಟ್ಟುವ ಸ್ಕಾಟ್ಲೆಂಡಿನ ಏವನ್ನಿನ ನೆನಪಿಗೆ ಇಟ್ಟ ಹೆಸರು ಅದು. ಅದಕ್ಕಿಂತ ಮುಂಚಿನ ಹೆಸರು ಓತಾಕಾರೊ, ಎಂದರೆ ಆಟದ ಜಾಗ. ದೊಡ್ಡವರು ಈ ದಡದಲ್ಲಿ ಹಾವುಮೀನು, ಸಣ್ಣಮೀನು, ಬಾತುಕೋಳಿಗಳನ್ನು ಹಿಡಿದು ಕೂಡಿಡುವಾಗ ಮಕ್ಕಳು ಇಲ್ಲಿ ಆಡುತ್ತಿದ್ದರು. ಊರನ್ನು ಬಿಟ್ಟು ಬಂದ ಸಹೋದರರು ಅಜ್ಜನ ನೆನಪಿಗೆ ನದಿಗೆ ಹೆಸರಿಟ್ಟರು; ಆ ಮಕ್ಕಳ ಆಟದ ಹೆಸರು ಸುಮಾರು ನೂರೈವತ್ತು ವರ್ಷ ನಕ್ಷೆಯಿಂದ ಮರೆಯಾಯಿತು. ಎರಡರಲ್ಲಿಯೂ ನನಗೆ ದ್ವೇಷ ಕಾಣಿಸಲಿಲ್ಲ. ಮರೆವು ಮಾತ್ರ ಕಾಣಿಸಿತು, ಮತ್ತು ಮರೆವಿಗೆ ಬೆಂಬಲವಾಗಿ ನಿಂತ ಕಾಗದಪತ್ರಗಳು ಕಾಣಿಸಿದವು.

ಕಾಗದಪತ್ರಗಳ ಸಂಗತಿ ಹೀಗಿದೆ. ಅದೇ 1848ರಲ್ಲಿ ಕೆಂಪ್ ಎಂಬ ಅಧಿಕಾರಿಯ ಮೂಲಕ ಬ್ರಿಟಿಷ್ ಸರ್ಕಾರವು ಈ ಪ್ರಾಂತ್ಯದ ಕೋಟಿಗೂ ಹೆಚ್ಚು ಎಕರೆಯನ್ನು ಙಾಯ್ ತಾಹು ಕುಲದಿಂದ 2,000 ಪೌಂಡಿಗೆ ಕೊಂಡಿತು. ಆಹಾರ ಸಂಗ್ರಹಿಸುವ ತಾಣಗಳು ಅವರಿಗೇ ಉಳಿಯಬೇಕೆಂಬ ಮಾತಾಗಿತ್ತು, ಉಳಿಯಲಿಲ್ಲ. ವಿಕ್ಟೋರಿಯಾ ಚೌಕದ ಬಳಿ ನದಿಯ ದಡದಲ್ಲಿ ಪುಆರಿ ಎಂಬ ಹಳೆಯ ಊರೊಂದಿತ್ತು. ಅದರ ಮೇಲಿನ ಹಕ್ಕನ್ನು ಕೇಳಿ 1868ರಲ್ಲಿ ನ್ಯಾಯಾಲಯಕ್ಕೆ ಹೋದಾಗ, ಆ ನೆಲ ಆಗಲೇ ಬೇರೆಯವರ ಹೆಸರಿಗಾಗಿದೆ ಎಂದು ಅರ್ಜಿ ವಜಾ ಆಯಿತು. ಕುಲದ ದೂರು ಮಾತ್ರ ತಲೆಮಾರಿನಿಂದ ತಲೆಮಾರಿಗೆ ದಾಟುತ್ತಲೇ ಬಂದು, 1998ರಲ್ಲಿ ಸರ್ಕಾರ ಕ್ಷಮೆ ಕೇಳಿ, 17 ಕೋಟಿ ಡಾಲರ್ ಪರಿಹಾರದ ಕಾಯ್ದೆ ಮಾಡಿತು. ವಿಕ್ಟೋರಿಯಾ ರಾಣಿಯ ಪ್ರತಿಮೆ ಇವತ್ತಿಗೂ ಆ ಚೌಕದಲ್ಲಿ ನಿಂತಿದೆ. ಪಂಟಿನಲ್ಲಿ ಹೋದಾಗ ಮರಗಳ ನಡುವಿನ ಚೌಕವನ್ನು ಹಸಿರು ಉದ್ಯಾನವೆಂದಷ್ಟೇ ನೋಡಿದ್ದೆ.

ನೀರು ತಿಳಿಯಾಗಿತ್ತು. ಈ ನದಿ ಹಿಮದ ಬೆಟ್ಟಗಳಿಂದ ನೇರವಾಗಿ ಇಳಿದು ಬಂದದ್ದಲ್ಲ. ನಗರದ ಪಶ್ಚಿಮದ ಬಡಾವಣೆಗಳಲ್ಲಿ ನೆಲದಡಿಯಿಂದ ಬುಗ್ಗೆಯಾಗಿ ಏಳುವ ನೀರು. ಒಂದು ಕಡೆ ಅವನು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿ ಕೆಳಗೆ ತೋರಿಸಿದ. ಪಾಚಿಯ ನಡುವೆ ತೋಳಿನ ಗಾತ್ರದ ಕರಿಯ ಹಾವುಮೀನೊಂದು ಅಲುಗದೆ ನಿಂತಿತ್ತು. ಮಾವೋರಿಯಲ್ಲಿ ಅದಕ್ಕೆ ತುನಾ ಎನ್ನುತ್ತಾರೆ. ಡಬ್ಬಿಯಲ್ಲಿ ಮಾರುವ ಟ್ಯೂನಾಗೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಬಿಟ್ಟು ಬೇರೆಲ್ಲಿಯೂ ಇಲ್ಲದ ಈ ಜಾತಿಯ ಹೆಣ್ಣುಮೀನು ಹಲವು ದಶಕ ಸಿಹಿನೀರಿನಲ್ಲಿ ಬದುಕಿ, ಕೊನೆಗಾಲದಲ್ಲಿ ಒಮ್ಮೆ ಮಾತ್ರ ಸಾವಿರಾರು ಕಿಲೋಮೀಟರ್ ದೂರದ ಬೆಚ್ಚನೆಯ ಸಮುದ್ರಕ್ಕೆ ಈಜಿ ಹೋಗಿ, ಮೊಟ್ಟೆಯಿಟ್ಟು ಸಾಯುತ್ತದೆ. ಮರಿಗಳು ಸಾಗರದ ಸೆಳೆತದ ಜೊತೆಗೆ ತೇಲಿಕೊಂಡು ಈ ದೇಶದ ನದಿಗಳಿಗೆ ಬಂದು ಸೇರುತ್ತವೆ. ನನ್ನ ವಯಸ್ಸಿನದೇ ಇರಬಹುದು ಎಂದು ಅದನ್ನು ಬಹಳ ಹೊತ್ತು ನೋಡಿದೆ. ತೇಲುತ್ತಿದ್ದ ಕೆಂಪು ದಳವೊಂದು ಅದರ ಮೇಲೆ ಹಾದುಹೋಯಿತು.

ಆ ದಳಗಳನ್ನು ನಾನು ಆಗಲೇ ಅಲ್ಲಲ್ಲಿ ಕಂಡಿದ್ದೆ, ವಿಲ್ಲೋ ಬೇರುಗಳ ಸಂದಿನಲ್ಲಿ ಗುಲಾಬಿ, ಡೇರೆ ಹೂಗಳು ಸಿಕ್ಕಿಕೊಂಡು ಬಾಡಿದ್ದವು. 2011ರ ಫೆಬ್ರವರಿ 22ರಂದು ಮಧ್ಯಾಹ್ನ 12 ಗಂಟೆ 51 ನಿಮಿಷಕ್ಕೆ ಈ ನಗರ ಕುಸಿಯಿತು. 6.3 ತೀವ್ರತೆಯ ಭೂಕಂಪದಲ್ಲಿ 185 ಜನ ಸತ್ತರು, ಅವರಲ್ಲಿ 115 ಜನ ಒಂದೇ ಕಟ್ಟಡದಲ್ಲಿ. ಜೌಗುನೆಲದ ಮೇಲೆ ಕಟ್ಟಿದ ಊರು ಇದು. ನೆಲ ನಡುಗಿದಾಗ ಮರಳು ಮತ್ತು ನೀರು ಬೆರೆತ ಕೆಸರು ಮೇಲೆ ಚಿಮ್ಮಿತು, ದಡಗಳು ನದಿಯ ಕಡೆಗೆ ಜಾರಿದವು, ಒಡೆದ ಒಳಚರಂಡಿ ನೀರು ನೇರ ನದಿಗೆ ಹರಿಯಿತು. ಕೆಳದಂಡೆಯ ಬಡಾವಣೆಗಳಲ್ಲಿ ಸಾವಿರಾರು ಮನೆಗಳನ್ನು ಸರ್ಕಾರವೇ ಕೊಂಡು ಕೆಡವಿತು. ಆ ದಿನದ ನೆನಪಿಗೆ ಪ್ರತಿ ವರ್ಷ ಜನರು ದಡಕ್ಕೆ ಬಂದು ಹೂಗಳನ್ನು ನದಿಗೆ ಬಿಡುತ್ತಾರೆ. ಕಟ್ಟೆ ತುಂಬಿದಾಗ ಬಾಗಿನ ಬಿಡುವ ನಾಡಿನವಳು ನಾನು. ನಮ್ಮದು ಹರ್ಷದ ಅರ್ಪಣೆ, ಇದು ಶೋಕದ್ದು. ಆದರೂ ಹೇಳಲಾಗದ್ದನ್ನು ನೀರಿನ ಕೈಗೆ ಕೊಡುವುದು ಎರಡು ಕಡೆಯೂ ಇದೆ.

ಮೃತರ ಹೆಸರುಗಳನ್ನು ಕೆತ್ತಿದ ಅಮೃತಶಿಲೆಯ ಗೋಡೆ ನದಿಯ ದಡದಲ್ಲಿಯೇ ಇದೆ. 2017ರಲ್ಲಿ ತೆರೆದ ಆ ಸ್ಮಾರಕಕ್ಕೆ ಮಾವೋರಿಯಲ್ಲಿ ಓಯ್ ಮಾನವಾ ಎಂದು ಹೆಸರಿಟ್ಟಿದ್ದಾರೆ, ಹೃದಯದ ಕಂಪನ ಎಂದು ಅರ್ಥ. ‘ಮಾನವ’ ಎಂದು ಕೇಳಿ ನಾನು ಬೆಚ್ಚಿದೆನಾದರೂ, ಮೇಲೆ ಹೇಳಿದ ಪಂಡಿತರನ್ನು ನೆನೆದು ಸುಮ್ಮನಾದೆ. ಅದರ ಮುಂದೆ ಬಂದಾಗ ಯುವಕ ತಾಳ ನಿಲ್ಲಿಸಿದ. ಹುಟ್ಟುಗಳನ್ನು ನೀರಿನಿಂದೆತ್ತಿ, ಮಾತಿಲ್ಲದೆ ತೇಲಿಕೊಂಡು ದಾಟಿದೆವು. ಅಲಗುಗಳಿಂದ ತೊಟ್ಟಿಕ್ಕುವ ನೀರಿನ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭೂಕಂಪದ ನಂತರ ನಗರವನ್ನು ಮರಳಿ ಕಟ್ಟುವ ಕಾಯ್ದೆಯಲ್ಲಿಯೇ ಙಾಯ್ ತಾಹು ಕುಲಕ್ಕೆ ಪಾಲುದಾರಿಕೆ ಸಿಕ್ಕಿತ್ತು. ಓತಾಕಾರೊ ಎಂಬ ಹೆಸರು ಫಲಕಗಳ ಮೇಲೆ ಏವನ್ನಿಗಿಂತ ಮೊದಲು ಬರೆಯಿಸಿಕೊಂಡದ್ದು, ದಡದ ಹಾದಿಯಲ್ಲಿ ಮಾವೋರಿ ನೇಯ್ಗೆಯ ವಿನ್ಯಾಸದ ಹದಿಮೂರು ಕಲ್ಲಿನ ಚಾಪೆಗಳು ಹಾಸಿಕೊಂಡದ್ದು ಆಮೇಲೆ. ಊರು ಬಿದ್ದ ಮೇಲೆ ಅದರ ಹಳೆಯ ಹೆಸರು ಎದ್ದು ಬಂತೆನ್ನುವುದನ್ನು ಸಮಾಧಾನವೆನ್ನಬೇಕೋ ವ್ಯಂಗ್ಯವೆನ್ನಬೇಕೋ ನನಗೆ ಹೊಳೆಯಲಿಲ್ಲ.

ಮರಳಿ ದಡಕ್ಕೆ ಬಂದಾಗ ಅವನು ನಮ್ಮೆಲ್ಲರನ್ನೂ ಮೊದಲಿನಂತೆ ವೃತ್ತದಲ್ಲಿ ನಿಲ್ಲಿಸಿ, ನಿಮ್ಮ ನದಿ ಯಾವುದೆಂದು ಒಬ್ಬೊಬ್ಬರನ್ನೇ ಕೇಳಿದ. ಜರ್ಮನ್ ಹುಡುಗಿ ಎಲ್ಬೆ ಎಂದಳು. ನನ್ನ ಸರದಿ ಬಂದಾಗ ಬಾಯಿ ಕಟ್ಟಿದಂತಾಯಿತು. ನನ್ನ ತಾಯಿಯ ತವರೂರು ಹೇಮಾವತಿಯ ದಂಡೆಯಲ್ಲಿತ್ತು. ಗೊರೂರಿನ ಅಣೆಕಟ್ಟು 1979ರಲ್ಲಿ ಮುಗಿದಾಗ ಹಿನ್ನೀರು ಆ ಊರನ್ನು ನುಂಗಿತು. ಆಚೆದಡದ ಜಾತ್ರೆಗೆ ಹರಿಗೋಲಿನಲ್ಲಿ ದಾಟಿಸುತ್ತಿದ್ದ ಅಂಬಿಗರ ಅಜ್ಜನ ಹುಟ್ಟು ನೀರಿನಲ್ಲಿ ಬರೆಯುತ್ತಿದ್ದ ಸುಳಿ ನನಗೆ ಇನ್ನೂ ನೆನಪಿದೆ. ಊರನ್ನು ಮುಳುಗಿಸಿದ್ದನ್ನು ನನ್ನ ನದಿ ಎನ್ನಬಹುದೇ ಎಂದು ಅವನನ್ನೇ ಕೇಳಿದೆ. “ಅದಕ್ಕೆ ನಿಮ್ಮ ಊರು ಗೊತ್ತು” ಎಂದ. ‘ಕೊ ಹೇಮಾವತಿ ತೆ ಆವಾ’ ಎಂದು ಹೇಳಿಕೊಟ್ಟು, ಎಲ್ಲರಿಂದಲೂ ಹೇಳಿಸಿದ. ನನ್ನ ವಾಕಾ ಯಾವುದೆಂದಾಗ ವಿಮಾನವೆಂದೆ. ಅವನಿಗದು ತಮಾಷೆಯೆನಿಸಲಿಲ್ಲ. ವಿಮಾನಕ್ಕೆ ಮಾವೋರಿಯಲ್ಲಿ ವಾಕಾರೆರೆರಾಙಿ, ಆಕಾಶದಲ್ಲಿ ಹಾರುವ ವಾಕಾ ಎಂದೇ ಹೆಸರಂತೆ.

ಹೊರಗಿನವರು ಈ ಹುಟ್ಟನ್ನು ಹಿಡಿಯಬಹುದೇ ಎಂಬ ನನ್ನ ಮೊದಲ ಹಿಂಜರಿಕೆಯನ್ನು ಕೊನೆಗೆ ಅವನ ಮುಂದಿಟ್ಟೆ. ಅವನು ಹೇಳಿದ್ದು ಇದು: ನೆದರ್ಲೆಂಡಿನ ಲೈಡನ್ ಊರಿನ ವಸ್ತುಸಂಗ್ರಹಾಲಯಕ್ಕಾಗಿ ಹೆಕೆನುಕುಮಾಯ್ ಬಸ್ಬಿ ಎಂಬ ಹಿರಿಯ ಕುಶಲಿ ಒಂದು ವಾಕಾ ನಿರ್ಮಿಸಿ 2010ರಲ್ಲಿ ಕಳುಹಿಸಿದಾಗ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ. ಅಲ್ಲಿನ ಡಚ್ ವಿದ್ಯಾರ್ಥಿಗಳಿಗೆ ಹುಟ್ಟು ಹಾಕುವುದನ್ನು, ಮಂತ್ರಗಳನ್ನು, ಮರ್ಯಾದೆಗಳನ್ನು ಕಲಿಸಿ ಅವರ ಕೈಗೆ ಒಪ್ಪಿಸಿದರು. ಕಲಿತರೆ ಹಿಡಿಯಬಹುದು ಎಂಬುದೇ ಅವನ ಉತ್ತರದ ಸಾರ. ಆ ರೆಸಾರ್ಟಿನಲ್ಲಿ ನಮ್ಮ ತಲೆಗೆ ಕಿರೀಟವಿಟ್ಟವರು ನಮ್ಮಿಂದ ಒಂದು ಹೆಜ್ಜೆಯನ್ನೂ ಹಾಕಿಸಿರಲಿಲ್ಲ. ಇವನು ನನ್ನ ಭುಜ ಕೀಳುವ ತನಕ ಕೆಲಸ ತೆಗೆದುಕೊಂಡಿದ್ದ.

ರಾತ್ರಿ ಭುಜಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ ಏಳು ವರ್ಷದ ಮೊಮ್ಮಗ ಬಂದು ಕುಳಿತ. ಹೇಮಾವತಿ ಎಂದರೆ ಹಾಸನದ ಮನೆಯ ಪಕ್ಕದ ಆಂಟಿ ಎಂದೇ ಅವನು ತಿಳಿದಿದ್ದ. ಶಾಲೆಯಲ್ಲಿ ಅವನಿಗೂ ಪೆಪೆಹಾ ಕಲಿಸಿದ್ದಾರೆ. ಓತಾಕಾರೊ ನನ್ನ ನದಿ ಎಂದು ಅದರಲ್ಲಿ ಹೇಳುವಂತಿಲ್ಲ, ಅದು ಕುಲದವರು ಹೇಳುವ ಮಾತು. ನನ್ನ ಹಿರಿಯರು ಭಾರತದವರು, ನಾನಿರುವುದು ಓತೌತಾಹಿಯಲ್ಲಿ, ಅಂದರೆ ಈ ಕ್ರೈಸ್ಟ್‌ಚರ್ಚಿನಲ್ಲಿ ಎಂದಷ್ಟೇ ಹೇಳಬೇಕು ಎಂದು ಟೀಚರ್ ತಿದ್ದಿದ್ದಾರಂತೆ. ಹೇಳುವಾಗ ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ. ವಾಕಾದಲ್ಲಿ ಹೇಗೆ ಕುಳಿತಿದ್ದೆ ತೋರಿಸು ಎಂದು ಸೋಫಾದ ಮುಂದೆ ನೆಲದ ಮೇಲೆ ಚಾಪೆ ಹಾಸಿ, ಅಡಿಗೆಮನೆಯಿಂದ ಲಟ್ಟಣಿಗೆ ತಂದು ನನ್ನ ಕೈಗಿತ್ತು, ತಾನು ಕ್ರಿಕೆಟ್ ಬ್ಯಾಟು ಹಿಡಿದು ಮುಂದೆ ಕುಳಿತ. ನಾನು ‘ಕಿಯಾ ರಿತೇ’ ಎಂದು ಎಳೆದಾಗ, ಅಷ್ಟು ಎಳೀಬಾರದಜ್ಜಿ ಎಂದು ತಿದ್ದಿದ. ಎರಡನೆಯ ಸಲವೂ ನನ್ನ ಲಟ್ಟಣಿಗೆ ಅವನ ಬ್ಯಾಟಿಗೆ ತಾಗಿತು.

“ಅಜ್ಜಿ, ಕೈ ನೋಡಬೇಡ” ಎಂದ, ಹಿಂದಿರುಗಿಯೂ ನೋಡದೆ. “ನನ್ನ ಬೆನ್ನು ನೋಡು.”